ಟೈಲರಕ್ಕನ ಹೊಟ್ಟೆಕಿಚ್ಚು

ಗುರುವಾರ ಸಂಜೆ ಐದಾಯಿತೆಂದರೆ ಟೈಲರಕ್ಕನ ಗಂಡ ಬಚ್ಚಲಿಗೆ ನುಗ್ಗುತ್ತಿದ್ದ. ಅವನದು ಮನೆಗಳಿಗೆ ಬಣ್ಣ ಬಳಿಯುವ ಕೆಲಸ. ಉಗುರಿನ ಸಂದಿಯಲ್ಲಿ ಕೂತ ಬಣ್ಣವನ್ನು ತಿಕ್ಕಿ ತಿಕ್ಕಿ ತೆಗೆದು, ಗಡ್ಡ ಕೆರೆದು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊರಡುತ್ತಿದ್ದ.

"ಎಲ್ಲಿಗೆ ಸವಾರಿ?"

"ಮೀಟಿಂಗು ಅಂತ ಹೇಳಿದ್ನಲ್ಲ."

"ಎರಡು ಗಂಟೆ ಹೊತ್ತು ಅದೇನು ಮಾತಾಡ್ತೀರಿ ಅಲ್ಲಿ?"

"ಅಲ್ಲಿನ ಮಾತು ಹೊರಗೆ ಆಡೋ ಹಾಗಿಲ್ಲ ಕಣೆ."

ಆರು ವರ್ಷ ಅವನು ಮೊಬೈಲಿನಲ್ಲಿ ಬೆಟ್ಟಿಂಗ್ ಆಡಿದ್ದ. ಏಣಿ ಮೇಲೆ ನಿಂತು ಕೂಡ ಆಡುತ್ತಿದ್ದ. ಗೋಡೆಯನ್ನು ಅರ್ಧ ಬಳಿದು, ಬ್ರಷ್ಷನ್ನು ಡಬ್ಬಿಯಲ್ಲೇ ಬಿಟ್ಟು ಮೂಲೆ ಹಿಡಿದು ಕೂತದ್ದೂ ಉಂಟು. ಕರೆಯುವವರೇ ಕಡಿಮೆಯಾದರು. ಒಂದು ದಿನ ಏಣಿಯಿಂದ ಬಿದ್ದ. ಆರೋಗ್ಯ ಕೇಂದ್ರದಲ್ಲಿ ಕೈಗೆ ಪಟ್ಟಿ ಕಟ್ಟುತ್ತಾ ನರ್ಸಕ್ಕ, "ಬಿದ್ದಾಗ ಕೈಯಲ್ಲಿ ಬ್ರಷ್ ಇತ್ತೋ, ಫೋನ್ ಇತ್ತೋ?" ಎಂದು ಕೇಳಿದರು. ಅವನು ಅತ್ತುಬಿಟ್ಟ. ಡಾಕ್ಟರಿಗೆ ತೋರಿಸಿದ ನರ್ಸಕ್ಕ, ಜೂಜು ಬಿಡಲು ಹೆಣಗುತ್ತಿರುವವರು ವಾರಕ್ಕೊಮ್ಮೆ ಸೇರುವ ಗುಂಪಿಗೂ ಅವನನ್ನು ಸೇರಿಸಿದರು. ಅವನ ಕೈಗೆ ಬರೀ ಮಾತಾಡಲು ಬರುವ ಬಟನ್ ಫೋನು ಬಂತು. ಈಗ ಆಟ ಬಿಟ್ಟು ನಾಲ್ಕು ತಿಂಗಳು.

ಖುಷಿಪಡಬೇಕಾದ ಸಂಗತಿಯೇ. ಆದರೆ ಟೈಲರಕ್ಕನ ಹೊಟ್ಟೆ ಉರಿಯುತ್ತಿತ್ತು. ಮದುವೆಯಾಗಿ ಹದಿನಾಲ್ಕು ವರ್ಷವಾದರೂ ತನಗೋಸ್ಕರ ಒಂದು ದಿನ ಹೀಗೆ ತಲೆ ಬಾಚಿಕೊಂಡ ಮನುಷ್ಯನಲ್ಲ. ಒಮ್ಮೆ ಅವನು ಫೋನಿನಲ್ಲಿ, "ನಿಮ್ಮ ಹತ್ರ ಮಾತಾಡಿದ್ಮೇಲೆ ಜೀವ ಬಂದಂಗಾಯ್ತು ಮೇಡಂ" ಎನ್ನುವುದು ಕೇಳಿಸಿತು. ಅವಳ ಕಿವಿ ನೆಟ್ಟಗಾಯಿತು. ಯಾರೀ ಮೇಡಂ?

ಮುಂದಿನ ಗುರುವಾರ ಅವನ ಹಿಂದೆಯೇ ಹೋದಳು. ಆರೋಗ್ಯ ಕೇಂದ್ರದ ಹಿಂದಿನ ಕೋಣೆಯಲ್ಲಿ ಹನ್ನೆರಡು ಕುರ್ಚಿಗಳು ದುಂಡಗೆ ಇದ್ದವು. ಕಿಟಕಿಯಿಂದ ಇಣುಕಿದಳು. ಗಂಡ ಏನೋ ಹೇಳುತ್ತಾ ಬಿಕ್ಕುತ್ತಿದ್ದ. ಪಕ್ಕದಲ್ಲಿದ್ದ ಹೆಂಗಸು ಅವನಿಗೆ ನೀರಿನ ಲೋಟ ಕೊಟ್ಟು ಬೆನ್ನು ತಟ್ಟಿದಳು. ಬಸ್ಸಿನಲ್ಲಿ ಟಿಕೆಟ್ ಕೊಡುವ ಕಂಡಕ್ಟರಮ್ಮ ಅವಳು. ಉದ್ದ ಜಡೆ, ನಗುಮುಖ. ಆ ಮೇಡಂ ಇವಳೇ! ಟೈಲರಕ್ಕನಿಗೆ ಇನ್ನೇನೂ ಕಾಣಲಿಲ್ಲ.

ಗಂಡ ಮನೆಗೆ ಬರುವ ಹೊತ್ತಿಗೆ ಅವಳು ಬಾಗಿಲಲ್ಲೇ ನಿಂತಿದ್ದಳು.

"ಮನೇಲಿ ನಾನು ಬದುಕಿದೀನಿ. ಅಳೋದಕ್ಕೆ ಕಂಡಕ್ಟರಮ್ಮನ ಹೆಗಲೇ ಬೇಕಾಗಿತ್ತಾ?"

"ಹಾಗಲ್ಲ ಕಣೆ, ಅವರೂ ನನ್ನ ಹಾಗೇ..."

"ಇನ್ನೊಂದು ಸಲ ಆ ಕಡೆ ಕಾಲಿಟ್ರೆ ಮಗಳನ್ನ ಕರ್ಕೊಂಡು ತವರಿಗೆ ಹೋಗ್ತೀನಿ."

ಮುಂದಿನ ಗುರುವಾರ ಅವನು ಮನೆಯಲ್ಲೇ ಉಳಿದ. ಮೀಟಿಂಗು ನಿಂತಿತು. ಗೆದ್ದೆ ಅಂದುಕೊಂಡಳು ಟೈಲರಕ್ಕ.

ಮೂರನೇ ವಾರ ಬಚ್ಚಲ ಬಾಗಿಲು ಬಹಳ ಹೊತ್ತು ತೆರೆಯಲಿಲ್ಲ. ತಟ್ಟಿದಳು. ಕೊನೆಗೆ ಒಳಗಿನಿಂದ ಚಿಲಕ ಸರಿಯಿತು. ಅವನು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದ. ಕೈಯಲ್ಲಿ ಅವಳ ಮೊಬೈಲಿತ್ತು. ಆಟದ ಆ್ಯಪು ಆಗತಾನೇ ಇಳಿದಿತ್ತು.

"ಇನ್ನೂ ಆಡಿಲ್ಲ. ಇದನ್ನ ನನ್ನ ಕೈಯಿಂದ ಕಿತ್ಕೋ. ನನ್ನಿಂದ ಆಗ್ತಿಲ್ಲ."

ಫೋನು ಕಿತ್ತುಕೊಂಡವಳು ಚಪ್ಪಲಿ ಮೆಟ್ಟಿ ನೇರ ನರ್ಸಕ್ಕನ ಬಳಿ ಹೋದಳು.

"ನಾಲ್ಕು ತಿಂಗಳು ಬಿಟ್ಟವರಿಗೆ ಈಗೇನು ಬಂತು ನರ್ಸಕ್ಕ? ಮನಸ್ಸು ಗಟ್ಟಿ ಮಾಡ್ಕೊಂಡ್ರೆ ಸಾಲದಾ?"

"ಜ್ವರ ಬಂದವನಿಗೆ ಮನಸ್ಸು ಗಟ್ಟಿ ಮಾಡ್ಕೋ ಅಂತೀಯೇನಮ್ಮ? ಇದೂ ಕಾಯಿಲೆನೇ. ಚಪಲ ಹೇಳದೆ ಕೇಳದೆ ಬರುತ್ತೆ. ಬಂದಾಗ ಮಾತಾಡೋಕೆ ಜನ ಬೇಕು. ಆ ಜನರನ್ನೇ ನೀನು ತಪ್ಪಿಸಿದೆ."

"ಹಾಗಾದ್ರೆ ನನ್ನ ಹತ್ರ ಮಾತಾಡ್ಲಿ. ಆರು ವರ್ಷ ನನಗೆ ಒಂದು ನಿಜ ಹೇಳಲಿಲ್ಲ. ಆ ಕಂಡಕ್ಟರಮ್ಮನ ಮುಂದೆ ಎಲ್ಲಾ ಬಿಚ್ಚಿಡ್ತಾರೆ. ನನಗೆ ಉರಿಯಲ್ವಾ?"

ನರ್ಸಕ್ಕ ಅವಳನ್ನು ಕೂರಿಸಿದರು. "ಉರಿಯುತ್ತೆ. ಉರಿಯದೇ ಇರುತ್ತಾ? ಆದ್ರೆ ನೋಡು, ಅವಳ ಮುಂದೆ ನಿಜ ಹೇಳಿದ್ರೆ ಅವನು ಕಳ್ಕೊಳ್ಳೋದು ಏನೂ ಇಲ್ಲ. ನಿನ್ನ ಮುಂದೆ ಹೇಳಿದ್ರೆ ನಿನ್ನನ್ನೇ ಕಳ್ಕೊಂಡುಬಿಡ್ತೀನಿ ಅನ್ನೋ ಹೆದರಿಕೆ. ಮನೆಯವರೂ ಜೊತೆ ಕೂರೋ ದಿನ ತಿಂಗಳಿಗೊಂದು ಇದೆ. ಈ ಗುರುವಾರವೇ. ಬಾ."

ಹೋದಳು. ಒಲ್ಲದ ಮನಸ್ಸಿನಿಂದಲೇ ಹೋದಳು. ಕಂಡಕ್ಟರಮ್ಮ ಸರಿದು ಜಾಗ ಬಿಟ್ಟಳು. ಟೈಲರಕ್ಕ ಮುಖ ಆ ಕಡೆ ತಿರುಗಿಸಿದಳು.

"ನಾನೂ ಫೋನಲ್ಲಿ ಇಸ್ಪೀಟು ಆಡ್ತಿದ್ದವಳೇ ಅಕ್ಕ" ಎಂದಳು ಕಂಡಕ್ಟರಮ್ಮ. "ಇಲ್ಲಿಗೆ ಬರೋಕೆ ಶುರು ಮಾಡಿದಾಗ ನಮ್ಮನೆಯವರು ಕಿಟಕಿಯಿಂದ ಇಣುಕಿದ್ರು. ಆ ಪೇಂಟರ್ ಯಾರು ಅಂತ ಒಂದು ವಾರ ಊಟ ಬಿಟ್ರು." ಪಕ್ಕದಲ್ಲಿದ್ದ ಅವಳ ಗಂಡ ತಲೆ ತಗ್ಗಿಸಿ, "ಒಂದು ವಾರ ಅಲ್ಲ, ಮೂರು ದಿನ" ಎಂದ. ಎಲ್ಲರೂ ನಕ್ಕರು. ಟೈಲರಕ್ಕನಿಗೂ ನಗು ತಡೆಯಲಾಗಲಿಲ್ಲ.

ನಂತರ ಟೈಲರಕ್ಕನ ಗಂಡ ಎದ್ದು ನಿಂತ. ಅವಳನ್ನೇ ನೋಡುತ್ತಾ ಹೇಳಿದ: "ನಿನ್ನ ಹೊಲಿಗೆ ಮಷೀನು ತಗೊಂಡು ರಿಪೇರಿಯವನು ಊರು ಬಿಟ್ಟ ಅಂದಿದ್ದೆ. ಅವನು ಎಲ್ಲೂ ಹೋಗಿಲ್ಲ. ಅದನ್ನ ಮಾರಿದ್ದು ನಾನು."

ಅವಳಮ್ಮ ಕೊಟ್ಟಿದ್ದ ಮಷೀನು ಅದು. ಎರಡು ವರ್ಷದಿಂದ ಬೇರೆಯವರ ಅಂಗಡಿಯಲ್ಲಿ ಕೂತು ಹೊಲಿಯುತ್ತಾ, ಆ ರಿಪೇರಿಯವನಿಗೆ ದಿನವೂ ಹಿಡಿಶಾಪ ಹಾಕಿದ್ದಳು. ಅವಳು ಎದ್ದು ಹೊರಗೆ ನಡೆದಳು. ನರ್ಸಕ್ಕ ಹಿಂದೆ ಬಂದು ಪಕ್ಕದಲ್ಲಿ ನಿಂತರು.

"ಕಂಡಕ್ಟರಮ್ಮನಿಗೆ ಇದು ಮೊದಲೇ ಗೊತ್ತಿತ್ತಾ?"

"ಇಲ್ಲ. ಇದನ್ನ ಯಾರಿಗೂ ಹೇಳಿರಲಿಲ್ಲ. ನಿನಗೇ ಮೊದಲು."

ಟೈಲರಕ್ಕ ಬಹಳ ಹೊತ್ತು ಅತ್ತಳು. ಎರಡು ದಿನ ಗಂಡನೊಡನೆ ಮಾತು ಬಿಟ್ಟಳು. ಮೂರನೇ ದಿನ ಅವನ ಮುಂದೆ ತಟ್ಟೆ ಇಟ್ಟು ಹೇಳಿದಳು: "ಕೋಪ ಇಳಿದಿಲ್ಲ. ಬೇಗ ಇಳಿಯೋದೂ ಇಲ್ಲ. ಆದ್ರೆ ಗುರುವಾರ ಮಾತ್ರ ತಪ್ಪಿಸ್ಬೇಡಿ."

ಈಗ ವರ್ಷ ಕಳೆದಿದೆ. ನಡುವೆ ಒಮ್ಮೆ ಅವನು ಮತ್ತೆ ಆಟಕ್ಕೆ ಜಾರಿದ. ಅಂದೇ ಮನೆಗೆ ಬಂದು ಹೇಳಿದ, ಮರುದಿನವೇ ಇಬ್ಬರೂ ನರ್ಸಕ್ಕನ ಬಳಿ ಹೋದರು. ಅವನನ್ನು ಕೆಲಸಕ್ಕೆ ಕರೆಯುವವರು ಮತ್ತೆ ಬರುತ್ತಿದ್ದಾರೆ. ಹಿಡಿದ ಗೋಡೆಯನ್ನು ಮುಗಿಸಿಯೇ ಏಣಿ ಇಳಿಯುತ್ತಾನೆ. ಕಂಡಕ್ಟರಮ್ಮನ ಜೊತೆ ಅವನು ನಕ್ಕರೆ ಟೈಲರಕ್ಕನಿಗೆ ಇವತ್ತಿಗೂ ಒಂದಿಷ್ಟು ಚುರ್ರೆನ್ನುತ್ತದೆ. ಅದನ್ನು ಬಾಯಿಬಿಟ್ಟು ಹೇಳುತ್ತಾಳೆ. ಅವನು ಕೇಳಿಸಿಕೊಳ್ಳುತ್ತಾನೆ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಯಾರಾದರೂ ಜೂಜಿನ ಸುಳಿಗೆ ಸಿಕ್ಕಿರಬಹುದು. ಆಣೆ ಹಾಕಿಸಿಕೊಂಡು ಸುಮ್ಮನಾಗಬೇಡಿ. ಹತ್ತಿರದ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ. ಆಟದ ಆ್ಯಪು ಅವರ ಕೈಗೆ ಸಿಗದಂತೆ ನೋಡಿಕೊಳ್ಳಿ. ಅವರಂಥದೇ ಕಷ್ಟ ಉಂಡವರೊಡನೆ ಅವರು ಮಾತಾಡಲಿ, ಅಡ್ಡ ನಿಲ್ಲಬೇಡಿ. ಜಾರಿದರೆ ಎಲ್ಲ ಮುಗಿಯಿತು ಎನ್ನಬೇಡಿ. ಮತ್ತು ನಿಮಗೂ ನೋವಿದೆ, ನಿಮಗೂ ಆ ಕೋಣೆಯಲ್ಲಿ ಒಂದು ಕುರ್ಚಿ ಇದೆ. ಕಿಟಕಿಯಲ್ಲಿ ನಿಂತು ಉರಿಯುವ ಬದಲು ಒಳಗೆ ಹೋಗಿ ಕೂತುಕೊಳ್ಳಿ.