ಬಟ್ಟೆ ದಾಟಿ ಬಂದದ್ದು

ಶೇಡಬಾಳದ ಭೀಮಗೊಂಡನಿಗೆ ಎರಡು ನೇಮಗಳಿದ್ದವು. ಬಸದಿಗೆ ಹೋಗಿ ದೇವರ ಮುಖ ನೋಡದೆ ತುತ್ತು ಎತ್ತುವುದಿಲ್ಲ ಎಂಬುದು ಒಂದು. ಎತ್ತು ಕಟ್ಟಿದ ಗಾಡಿ ಹತ್ತುವುದಿಲ್ಲ ಎಂಬುದು ಇನ್ನೊಂದು. ಕಾಲು ಗಟ್ಟಿ ಇರುವತನಕ ಎರಡೂ ಹೊಂದಿಕೊಂಡು ನಡೆದವು. ಲಕ್ವಾ ಹೊಡೆದು ಸೊಂಟದ ಕೆಳಗೆ ಜೀವವಿಲ್ಲದಂತಾದ ಮೇಲೆ ಮುದುಕ ಎರಡರ ನಡುವೆ ಸಿಕ್ಕಿಬಿದ್ದ. ಹೊತ್ತುಕೊಂಡು ಹೋಗುತ್ತೇವೆ ಎಂದು ಓಣಿಯ ಗಂಡಸರು ಬಂದರೆ, "ಹೆಗಲ ಮ್ಯಾಲೆ ಹೋಗೂದು ಒಂದ ಸಲ. ಅದಕ್ಕಿನ್ನೂ ವ್ಯಾಳ್ಯಾ ಐತಿ" ಎಂದು ನಕ್ಕು ಕಳಿಸಿದ.

ಆಗ ಮಗ ದಾದಾಸಾಹೇಬ ಒಂದು ಗಾಡಿ ಮಾಡಿದ. ಅವನದು ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತುವ ರಿವೈಂಡಿಂಗ್ ಅಂಗಡಿ. ಗುಜರಿಯಿಂದ ತಂದ ಸಣ್ಣ ಮೋಟರು, ಟ್ರ್ಯಾಕ್ಟರಿನ ಬ್ಯಾಟರಿ, ಮೂರು ಗಾಲಿ, ಮೇಲೊಂದು ಬೆತ್ತದ ಕುರ್ಚಿ. ಹೊಗೆಯಿಲ್ಲ, ಸದ್ದಿಲ್ಲ. ಭೀಮಗೊಂಡ ಅದರಲ್ಲಿ ಕೂತು ಬಸದಿಯ ಏರು ಹತ್ತುವುದನ್ನು ನೋಡಲು ಕಾಗವಾಡದಿಂದಲೂ ಜನ ಬಂದರು. ಒಂದು ಮಳೆಗಾಲದ ಸಂಜೆ, ಕೊಟ್ಟಿಗೆಯಲ್ಲಿ ಬ್ಯಾಟರಿ ಚಾರ್ಜ್ ಮಾಡಲು ವೈರು ಸಿಗಿಸುತ್ತಿದ್ದ ದಾದಾಸಾಹೇಬ ಗಾಡಿಯ ಪಕ್ಕದಲ್ಲೇ ಬಿದ್ದ. ವೈರಿನ ಮೈ ಎಲ್ಲೋ ಒಡೆದಿತ್ತು, ನೆಲ ಒದ್ದೆಯಿತ್ತು. ಅಷ್ಟೆ.

ತಾಯಿ ಚಂದ್ರಮತಿ ಆ ವೈರನ್ನು ಕುಡುಗೋಲಿನಿಂದ ತುಂಡು ತುಂಡು ಮಾಡಿದಳು. "ಇನ್ನ ಮುಂದ ಈ ಗಾಡಿಗೆ ವೈರು ಮುಟ್ಟಬಾರದು. ಮುಟ್ಟಿದ್ರ ನನ್ನ ಹೆಣಾ ನೋಡ್ತೀರಿ."

ಅಂದಿನಿಂದ ಸೊಸೆ ಜಿನಮತಿ ಗಾಡಿಯನ್ನು ಕೈಯಿಂದ ತಳ್ಳತೊಡಗಿದಳು. ಅವಳು ಧಾರವಾಡದಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಓದಿದವಳು. ಗಂಡ ಹೋದ ಮೇಲೆ ಅತ್ತದ್ದೂ ಇಲ್ಲ, ಹೆಚ್ಚು ಮಾತಾಡಿದ್ದೂ ಇಲ್ಲ. ತಳ್ಳುವುದು ಒಂದು ಕೆಲಸ, ಮಾಡಿದಳು. ಮುದುಕನೇ ಸೋತ. ದಿನ ಬಿಟ್ಟು ದಿನ ಹೋದರೆ ಸಾಕು ಎಂದ. ಹೋಗದ ದಿನ ಬರೀ ನೀರು. ಸುಗ್ಗಿ ಬರುವ ಹೊತ್ತಿಗೆ ಅವನ ಕೊರಳೆಲುಬಿನ ಗುಳಿಯಲ್ಲಿ ಹಿಡಿ ಜೋಳ ನಿಲ್ಲುವಂತಿತ್ತು.

"ದಿನಾ ಹೋಗೂಣ್ರಿ ಮಾವಾರ. ನನಗೇನೂ ತ್ರಾಸಿಲ್ಲ."

"ನಿನ್ನ ಉಸುರು ನನ್ನ ಬೆನ್ನಿಗೆ ಬಡಿತೈತಿ ಮಗಳ. ಎತ್ತಿನ ಗಾಡಿನ ಬ್ಯಾಡ ಅಂದಾವ ನಾನು."

ಈ ಮಾತು ಅವಳೊಳಗೆ ಇಳಿಯಿತು. ಮರುದಿನ ಅಂಗಡಿಗೆ ಹೋದಳು. ಈಗ ಅದನ್ನು ಗಂಡನ ಜೊತೆಗಾರ ಭರಮು ನಡೆಸುತ್ತಿದ್ದ.

"ವೈರು ಮುಟ್ಟಿಸಲಾರದ ಬ್ಯಾಟರಿ ತುಂಬಬೇಕು ಭರಮು."

"ಹಗ್ಗ ಬ್ಯಾಡ, ಬಾವಿ ನೀರು ತಾನ ಹತ್ತಿ ಬರಬೇಕು ಅಂದಂಗಾತಲ್ರಿ ವೈನಿ."

"ಟ್ರಾನ್ಸ್‌ಫಾರ್ಮರಿನಾಗ ಎರಡು ಕಾಯಿಲು ಒಂದಕ್ಕೊಂದು ಮುಟ್ಟಿರತಾವೇನು?"

"ಇಲ್ಲ. ನಡುವ ಕಾಗದಾ ಇಟ್ಟಿರತೇವಿ."

"ಮತ್ತ ಕರೆಂಟು ಹೆಂಗ ದಾಟತೈತಿ?"

ಭರಮು ಕೈಯಲ್ಲಿದ್ದ ಕಾಯಿಲನ್ನು ತಿರುಗಿಸಿ ನೋಡಿದ. "ಇಷ್ಟ ವರ್ಷ ಕಾಯಿಲು ಸುತ್ತೇನಿ. ನಾ ಒಂದಿನಾನೂ ಕೇಳಿಲ್ಲ ನೋಡ್ರಿ."

ಇಬ್ಬರೂ ಹಳೆಯ ವೆಲ್ಡಿಂಗ್ ಟ್ರಾನ್ಸ್‌ಫಾರ್ಮರಿನ ಕಬ್ಬಿಣವನ್ನು ನಡುವೆ ಕೊಯ್ದರು. ಅರ್ಧಕ್ಕೆ ಹೊಸ ಕಾಯಿಲು ಸುತ್ತಿ, ಕೊಟ್ಟಿಗೆಯ ನೆಲದಲ್ಲಿ ಗುಂಡಿ ತೆಗೆದು ಹುಗಿದರು. ಅದರ ವೈರನ್ನು ಕೊಳವೆಯಲ್ಲಿ ಗೋಡೆಯವರೆಗೆ ಒಯ್ದು, ಮೇಣ ಹೊಯ್ದು ಮುಚ್ಚಿದರು. ಇನ್ನರ್ಧಕ್ಕೂ ಕಾಯಿಲು ಸುತ್ತಿ ಗಾಡಿಯ ಹೊಟ್ಟೆಯ ಕೆಳಗೆ ಕಟ್ಟಿದರು. ಗಾಡಿ ಗುಂಡಿಯ ಮೇಲೆ ಬಂದು ನಿಂತರೆ ಎರಡರ ನಡುವೆ ಅರ್ಧ ಬೆರಳಿನಷ್ಟು ಬರೀ ಗಾಳಿ.

ಚಂದ್ರಮತಿ ಬಾಗಿಲಲ್ಲಿ ನಿಂತು ಎಲ್ಲ ನೋಡಿದಳು. "ವೈರು ಗಾಡಿಗೆ ಮುಟ್ಟೂದಿಲ್ಲ?"

"ಇಲ್ರಿ ಅತ್ತಿ."

"ಇವತ್ತೊಂದ ದಿನ ನೋಡು. ಆಗಲಿಲ್ಲಂದ್ರ ಗಾಡಿ ಗುಜರಿಗೆ. ಅದನ್ನ ನೋಡಿ ನೋಡಿ ನನಗ ಸಾಕಾಗೈತಿ."

ಅಂದು ಭೀಮಗೊಂಡ ನೀರು ಮಾತ್ರ ಕುಡಿಯುವ ದಿನ. ಮುಂಜಾನೆ ಗುಂಡಿಯ ಕಾಯಿಲಿಗೆ ಕರೆಂಟು ಬಿಟ್ಟು ನೋಡಿದರು. ಅದು ಗುಂಯ್ ಎಂದಿತು. ಅಂಗಳದಿಂದ ಗಾಡಿ ತಂದು ಹಿಮ್ಮುಖವಾಗಿ ಮೇಲೆ ನಿಲ್ಲಿಸಿ ಸ್ವಿಚ್ಚು ಹಾಕಿದರು. ಕರೆಂಟು ದಾಟಿದರೆ ಗಾಡಿಯ ಮುಂದಿನ ಬಲ್ಬು ಹತ್ತಬೇಕು. ಹತ್ತಲಿಲ್ಲ. ಜಿನಮತಿ ಮೇಲಿನ ಬೆಸುಗೆಗಳನ್ನೆಲ್ಲ ಬಿಚ್ಚಿ ಮತ್ತೆ ಹಾಕಿದಳು. ಬಲ್ಬು ಕಣ್ಣು ತೆರೆಯಲಿಲ್ಲ. ಮಧ್ಯಾಹ್ನ ಇಳಿಯಿತು. ಹೊತ್ತು ಮುಳುಗಿದ ಮೇಲೆ ಆ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ. ಗಾಡಿ ನಡೆದರೆ ಅದರೊಳಗೆ ಮುದುಕ ಬಸದಿಗೆ ಹೋಗಿ ಬರಬೇಕು.

ಚಂದ್ರಮತಿ ಒಳಗೆ ಬಂದಳು. "ನನ್ನ ಹಂಚು ಕೊಡ್ರಿ. ನಿಮಗರ ರೊಟ್ಟಿ ಬಡೀತೇನಿ."

"ಯಾವ ಹಂಚು?"

"ಗುಂಡಿ ಮ್ಯಾಲೆ ಮುಚ್ಚೇನಲ್ಲ, ತೆಳ್ಳನ ಕಬ್ಬಿಣದ ಹಂಚು. ನೀವು ಗಾಡಿ ತರಾಕ ಹೋದಾಗ ನೋಡಿದ್ನಿ, ಇರುವಿ ಹರದಾಡಾಕತ್ತಿದ್ದು. ಒಳಗ ಬಿದ್ದು ಸತ್ರ ಆ ಪಾಪ ಯಾರಿಗೆ?"

ಹಾಗೆನ್ನುತ್ತಲೇ ಬಗ್ಗಿ ಗಾಡಿಯ ಕೆಳಗೆ ಕೈ ಹಾಕಿದಳು. "ಅಯ್ಯಯ್ಯ!" ಎಂದು ಚೀರಿ ಕೈ ಕಿತ್ತಳು.

ಜಿನಮತಿ ಗೋಡೆಗೆ ಹಾರಿ ಸ್ವಿಚ್ಚು ತೆಗೆದಳು. ಅವಳ ಕಣ್ಣೆದುರು ಅದೇ ಕೊಟ್ಟಿಗೆ, ಅದೇ ಒದ್ದೆ ಸಂಜೆ.

"ಶಾಕ್ ಹೊಡೀತೇನ್ರಿ ಕಾಕೂ?" ಭರಮುವಿನ ದನಿ ಒಡೆದಿತ್ತು.

"ಶಾಕ್ ಅಲ್ಲೋ ಬಾಡ್ಯಾ, ಹಂಚು ಕಾದೈತಿ! ಒಲಿ ಇಲ್ಲ, ಬೆಂಕಿ ಇಲ್ಲ, ಕೆಂಡದಂಗ ಕಾದೈತಿ!"

ಗಾಡಿ ಸರಿಸಿ, ಸೆರಗಿನಿಂದ ಹಿಡಿದು ಹಂಚನ್ನು ಹೊರಗೆಳೆದರು. ಜಿನಮತಿ ಅದರ ಮೇಲೆ ನೀರು ಚಿಮುಕಿಸಿದಳು. ಚುಂಯ್ ಎಂದು ಹನಿಗಳು ಕುಣಿದು ಮಾಯವಾದವು. ಎಷ್ಟೋ ಪರೀಕ್ಷೆಗಳಲ್ಲಿ ಅವಳು ಬರೆದು ಬಂದ ಸೂತ್ರವದು. ಅದು ಯಾರದಾದರೂ ಬೆರಳು ಸುಟ್ಟೀತೆಂದು ಅವಳಿಗೆ ಅನಿಸಿಯೇ ಇರಲಿಲ್ಲ.

"ಬರಾಕತ್ತೈತ್ರಿ ಅತ್ತಿ," ಎಂದಳು ಮೆಲ್ಲಗೆ. "ಮುಂಜಾನಿಂದ ಬರಾಕತ್ತೈತಿ. ಗಾಡಿಗೆ ಹೋಗೂದನ್ನ ನಿಮ್ಮ ಹಂಚು ಕುಡದೈತಿ."

ಚಂದ್ರಮತಿ ಬೆರಳು ಊದಿಕೊಳ್ಳುತ್ತ ಗುಂಡಿ ನೋಡಿದಳು, ಸೊಸೆಯನ್ನು ನೋಡಿದಳು. "ಕಬ್ಬಿಣಾ ತಡದ್ರ, ಅರಬಿ ತಡೀತೈತೇನು?"

"ಇಲ್ರಿ."

ಚಂದ್ರಮತಿ ಒಳಗೆ ಹೋಗಿ ನೀರು ಸೋಸುವ ಬಟ್ಟೆ ತಂದಳು. ಒಗೆದು ಒಣಗಿಸಿದ, ಎರಡು ಮಡಿಕೆಯ ದಪ್ಪ ಬಟ್ಟೆ. ಆ ಮನೆಯಲ್ಲಿ ಕಣ್ಣಿಗೆ ಕಾಣದ ಜೀವವೂ ಅದನ್ನು ದಾಟಿ ಕೊಡಕ್ಕೆ ಇಳಿದದ್ದಿಲ್ಲ. ಗುಂಡಿಯ ಬಾಯಿಗೆ ಅದನ್ನು ಹಾಸಿ, ಸುತ್ತಲೂ ಮಣ್ಣೊತ್ತಿದಳು. ಗಾಡಿ ಮೇಲೆ ಬಂತು. ಜಿನಮತಿ ಸ್ವಿಚ್ಚು ಹಾಕಿದಳು.

ಬಲ್ಬು ಹತ್ತಿತು.

ಚಂದ್ರಮತಿ ನೆಲಕ್ಕೆ ಕೆನ್ನೆ ತಾಗುವಷ್ಟು ಬಗ್ಗಿ, ಗಾಡಿಗೂ ಬಟ್ಟೆಗೂ ನಡುವಿನ ಸಂದಿನಲ್ಲಿ ನೋಡಿದಳು. ಆಚೆಗಿನ ಬೆಳಕು ಕಾಣುತ್ತಿತ್ತು. ಬಟ್ಟೆ ಸುಟ್ಟಿರಲಿಲ್ಲ, ಅಲುಗಿಯೂ ಇರಲಿಲ್ಲ.

"ಏನಬೇ ಅದು, ದಾಟಾಕತ್ತಿದ್ದು?"

ಜಿನಮತಿಗೆ ಧಾರವಾಡದ ಉತ್ತರ ನಾಲಿಗೆಯ ತುದಿಯಲ್ಲಿತ್ತು. ಆದರೆ ಬಲ್ಬನ್ನು ನೋಡುತ್ತ ಅದನ್ನು ಹೇಳಲಾಗಲಿಲ್ಲ. "ಎಷ್ಟು ದಾಟತೈತಿ ಅಂತ ಲೆಕ್ಕಾ ಹಾಕತೇನ್ರಿ. ಏನು ಅಂತ ನನಗೂ ಗೊತ್ತಿಲ್ಲ."

ಬ್ಯಾಟರಿ ಏರು ಹತ್ತುವಷ್ಟು ತುಂಬಿ, ಹೊತ್ತು ಅಂಗಳದ ಬೇವಿನ ತುದಿಗೆ ಇಳಿದಾಗ ಭೀಮಗೊಂಡನನ್ನು ಕುರ್ಚಿಯಲ್ಲಿ ಕೂರಿಸಿದರು. ಜಿನಮತಿಯ ಕೈಗಳು ರೂಢಿಯಂತೆ ಕುರ್ಚಿಯ ಬೆನ್ನಿಗೆ ಹೋದವು. ಗಾಡಿ ಅವುಗಳಿಂದ ಜಾರಿ ತಾನೇ ಮುಂದೆ ಹೋಯಿತು. ಅಂಗೈಗಳು ಗಾಳಿಯಲ್ಲೇ ಉಳಿದವು. ಏರಿನ ನಡುವೆ ಮುದುಕ ಕತ್ತು ಹೊರಳಿಸಿದ.

"ಉಸುರು ಕೇಳವಲ್ದಲ್ಲ. ಬರಾಕತ್ತಿಯೋ ಇಲ್ಲೋ ಮಗಳ?"

"ಬರಾಕತ್ತೇನ್ರಿ" ಎನ್ನುತ್ತ ಹೆಜ್ಜೆ ಚುರುಕು ಮಾಡಿದಳು. ಮಳೆಗಾಲದಿಂದ ಒಳಗೆ ನಿಂತಿದ್ದುದು ಕಣ್ಣಿಗೆ ಬಂತು.

ಬಸದಿಯ ಗಂಟೆ ಕೇಳಿದ ಕೂಡಲೆ ಚಂದ್ರಮತಿ ಹಂಚನ್ನು ಒಲೆಗಿಟ್ಟಳು. ಬೆಂಕಿ ಹೊತ್ತಿಸುವ ಮೊದಲು ಅದರ ಮೇಲೆ ಅಂಗೈ ಹಿಡಿದು, ತಾನೇ ಬಿಸಿಯಾದೀತೇನೋ ಎಂದು ಸ್ವಲ್ಪ ಹೊತ್ತು ಕಾದಳು.