ವಿಭೂತಿ ಹಚ್ಚಿದ ವಾಚು

ಪುಣಜನೂರಿನ ಆ ಮನೆಯ ದೇವರಗೂಡಿನಲ್ಲಿ, ಮಾದಪ್ಪನ ಪಟದ ಪಕ್ಕ, ಒಂದು ಸ್ಮಾರ್ಟ್‌ವಾಚು ಇತ್ತು. ತೀರಿಹೋದ ಪುಟ್ಟಬಸಪ್ಪನದು. ಮೂರು ವರ್ಷದಿಂದ ಪ್ರತಿ ಸೋಮವಾರ ಅವನ ಹೆಂಡತಿ ಗುರುಮಲ್ಲಮ್ಮ ಮಿಂದು ಬಂದು, ವಿಭೂತಿಗಟ್ಟಿಯ ಮೇಲೆ ಒದ್ದೆ ಬೆರಳಾಡಿಸಿ, ಮೊದಲು ಮಾದಪ್ಪನಿಗೆ, ಆಮೇಲೆ ತನ್ನ ಹಣೆಗೆ, ಕೊನೆಗೆ ಆ ವಾಚಿಗೆ ಮೂರು ಬೆರಳೆಳೆಯುತ್ತಿದ್ದಳು. ವಾಚಿನ ಮುಖಕ್ಕಲ್ಲ, ಬೆನ್ನಿಗೆ. ಯಾಕೆ ಬೆನ್ನಿಗೆ ಎಂದು ಮೊಮ್ಮಗಳು ಕಾವ್ಯಶ್ರೀ ಒಂದು ದಿನವೂ ಕೇಳಿರಲಿಲ್ಲ.

ಅಜ್ಜಿಯ ಕಥೆಗಳನ್ನೇ ಉಂಡು ಬೆಳೆದ ಹುಡುಗಿ ಅವಳು. ಕಾಡಂಚಿನ ಊರು, ಕಥೆಗಳಿಗೇನು ಬರ? ಮಟಮಟ ಮಧ್ಯಾಹ್ನ ನೆರಳು ಕಾಲಡಿ ಸೇರಿದ ಹೊತ್ತಲ್ಲಿ ಯಾರಾದರೂ ಹೆಸರು ಹಿಡಿದು ಕೂಗಿದರೆ ಮೂರು ಸಲ ಕೂಗುವವರೆಗೆ ಓಗೊಡಬಾರದು, ಮನುಷ್ಯರಲ್ಲದವಕ್ಕೆ ಎರಡಕ್ಕಿಂತ ಹೆಚ್ಚು ಕೂಗಲು ಉಸಿರಿರುವುದಿಲ್ಲ ಎಂದು ಅಜ್ಜಿ ಕಲಿಸಿದ್ದಳು. ಬದನಗುಪ್ಪೆಯ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿ, ಮೊದಲ ಸಂಬಳದಲ್ಲಿ ತಾತನಿಗೆ ಈ ವಾಚು ತಂದುಕೊಟ್ಟ ಮೇಲೂ ಆ ಮಾತು ಕಾವ್ಯಳ ಮೈಯಿಂದ ಇಳಿದಿರಲಿಲ್ಲ.

ಮೂರು ವರ್ಷದ ಹಿಂದಿನ ಆ ಅಮಾವಾಸ್ಯೆಯ ದಿನ ಅವಳು ಅಡುಗೆಮನೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಹನ್ನೆರಡೂವರೆ ಇರಬೇಕು. ಹಿತ್ತಲ ಬಾಗಿಲಲ್ಲಿ, ‘ಕಾವ್ಯಮ್ಮೀ...’ ಎಂದು ತಾತನ ದನಿ. ಸ್ವಲ್ಪ ಹೊತ್ತಿಗೆ ಇನ್ನೊಮ್ಮೆ. ಅವಳು ಕೈಯಲ್ಲಿದ್ದ ಕಾಯಿಯನ್ನು ಹಾಗೇ ಹಿಡಿದು ಮೂರನೆಯದಕ್ಕೆ ಕಾದಳು. ಬರಲಿಲ್ಲ. ಮೂರು ಗಂಟೆಗೆ ಪಕ್ಕದ ಹೊಲದ ಕೆಂಪಯ್ಯ ಓಡಿ ಬಂದ. ಪಂಪ್‌ಸೆಟ್ಟಿನ ಹತ್ತಿರದ ಹುಣಸೆ ಮರದಡಿ ತಾತ ಒರಗಿದ್ದ, ಮೈ ತಣ್ಣಗಾಗಿತ್ತು. ಟ್ರ್ಯಾಕ್ಟರಿನಲ್ಲಿ ಮನೆಗೆ ತಂದರು. ಹಾರ್ಟು ಎಂದರು ಡಾಕ್ಟರು. ಸಂಜೆ ಆರಕ್ಕೆ ಕಾವ್ಯಳೇ ವಾಚಿನ ಗುಂಡಿ ಒತ್ತಿ ಆರಿಸಿ, ತಾತನ ಕೈಯಿಂದ ಬಿಚ್ಚಿದಳು. ಕೂಗಿನ ವಿಷಯ ಯಾರಿಗೂ ಹೇಳಲಿಲ್ಲ.

ಮುಂದಿನ ತಿಂಗಳು ಅವಳ ಮದುವೆ. ಈ ಮನೆ ಬಿಡುವ ಮುಂಚೆ ಅವಳಿಗೆ ಒಂದು ತಿಳಿಯಬೇಕಿತ್ತು. ಅಂದು ಕೂಗಿದ್ದು ತಾತನೇ ಆಗಿದ್ದರೆ, ಒಂದು ಚೊಂಬು ನೀರೂ ಕೊಡದೆ ಅವನನ್ನು ಹಿಂದಕ್ಕೆ ಕಳಿಸಿ ಕೊಂದವಳು ತಾನು. ತಾತನಲ್ಲದಿದ್ದರೆ, ಕೂಗಿದ್ದು ಯಾರು? ಹುಣಸೆ ಮರದಿಂದ ಹಿತ್ತಲ ಬಾಗಿಲಿಗೆ ಆರುನೂರ ಹನ್ನೆರಡು ಹೆಜ್ಜೆ. ಈ ಮೂರು ವರ್ಷದಲ್ಲಿ ಅವಳು ಎಷ್ಟು ಸಲ ನಡೆದು ಎಣಿಸಿದ್ದಳೋ. ವಾಚು ಬಾಯಿಬಿಟ್ಟರೆ ಅಂದು ತಾತ ನಡೆದನೋ ಇಲ್ಲವೋ ಗೊತ್ತಾಗುತ್ತಿತ್ತು. ಆದರೆ ಅದು ಬಾಯಿಬಿಡಲೊಲ್ಲದು. ಚಾರ್ಜಿಗೆ ಹಾಕಿದರೂ ಮಿಣುಕಲಿಲ್ಲ.

ಅಜ್ಜಿಗೆ ಹೇಳದೆ, ಬಸ್ಸು ಬದಲಿಸಿ ಗುಂಡ್ಲುಪೇಟೆಗೆ ಹೋದಳು. ಈರುಳ್ಳಿ ಲಾರಿಗಳ ಸಾಲಿನ ಹಿಂದೆ ರಘುನಾಥನ ಮೊಬೈಲ್ ರಿಪೇರಿ ಅಂಗಡಿ. ಅವನು ವಾಚು ಮಗುಚಿ ನೋಡಿ ನಕ್ಕ.

“ಏನಕ್ಕ ಇದು? ವಾಚ್‌ಗೂ ದೀಕ್ಷೆ ಕೊಡ್ಸಿದ್ದೀರಾ?”

“ನಮ್ಮಜ್ಜಿ ಪೂಜೆ ಮಾಡ್ತಿದ್ರು.”

“ಪೂಜೆ ಮಾಡೇ ಸಾಯಿಸವ್ರೆ. ಇಲ್ನೋಡಿ, ಕರೆಂಟು ಓಗೋ ಎರಡು ಪಿನ್ನು. ವಿಭೂತಿ ಸಿಮೆಂಟ್ ಆದಂಗಾಗದೆ.” ಒಣ ಬ್ರಷ್ಷಿನಿಂದ ಕೆರೆದು, ರಬ್ಬರಿನಿಂದ ಉಜ್ಜಿ, ತಂತಿ ಸಿಕ್ಕಿಸಿದ. ಏನೂ ಇಲ್ಲ. “ಬ್ಯಾಟ್ರಿ ಪೂರಾ ಬತ್ತೋಗದೆ. ಫಾಸ್ಟ್ ಚಾರ್ಜರ್ ಗೀಸ್ಟ್ ಚಾರ್ಜರ್ ಆಕ್ಬುಟ್ಟೀರಾ, ಉಬ್ಕತದೆ. ಹಳೇ ಕೀಪ್ಯಾಡ್ ಫೋನಿನ ಚಾರ್ಜರಿಗಾಕಿ ಒಂದಿನ ಸುಮ್ನೆ ಬುಡಿ. ಮಧ್ಯ ಮಧ್ಯ ಮುಟ್ಟಬ್ಯಾಡಿ. ಆಮೇಲೆ ಗುಂಡಿ ಒತ್ತಿಡ್ಕಂಡು ಇಪ್ಪತ್ತು ಎಣ್ಸಿ.”

“ಒಳಗಿರೋದೆಲ್ಲ ಅಳಿಸೋಗಿರತ್ತಾ?”

“ಇಲ್ಲ ಕಣಕ್ಕ. ಅದು ಮಲಗಿದ ದಿನಕ್ಕೇ ಏಳ್ತದೆ. ಮೂರು ವರ್ಷ ಆಯ್ತು ಅಂತ ಅದಕ್ಕೇನು ಗೊತ್ತು?” ಅವನು ಪಟ್ಟಿಯ ಕಡೆಯ ತೂತನ್ನು ತೋರಿಸಿದ. “ಆದ್ರೆ ಬಳೆ ಥರ ಸಡಿಲ ಆಕವ್ರೆ. ಇಂಗಿದ್ರೆ ಎದೆಬಡಿತ ಸರ್ಯಾಗಿ ಇಡಿಯಕಿಲ್ಲ.”

ಮರುದಿನ ಮಧ್ಯಾಹ್ನದವರೆಗೆ ವಾಚು ನಡುಮನೆಯ ಮಣೆಯ ಮೇಲೆ ತಂತಿ ಕಚ್ಚಿಕೊಂಡು ಬಿದ್ದಿತ್ತು. ಅಜ್ಜಿ ದೇವರಗೂಡು ನೋಡಿ, ಮಣೆ ನೋಡಿ, ಬಾಗಿಲಲ್ಲೇ ನಿಂತಳು.

“ಅದನ್ಯಾಕಮ್ಮಿ ಈಚೆಗೆ ತಗ್ದೆ?”

“ನೀನು ವಿಭೂತಿ ಬಳ್ದು ಬಳ್ದು ಕೆಟ್ಟೋಗಿತ್ತು ಕಣಜ್ಜಿ. ಸರಿ ಮಾಡ್ಸಿದೆ.”

“ಏಳ್ದೆ ಇರ್ಲಿ ಅಂತ್ಲೇ ಬಳ್ದಿದ್ದು.” ಗುರುಮಲ್ಲಮ್ಮ ಗೋಡೆ ಹಿಡಿದು ಮೆಲ್ಲಗೆ ಕೂತಳು. “ಅವತ್ತು ನಾನೂ ಕೇಳಿಸ್ಕಂಡೆ. ಎಲ್ಡು ಸಲ. ನಿನ್ನ ಹೆಸರು ಇಡ್ದು ಕೂಗ್ತು. ನೀನೆಲ್ಲಿ ಎದ್ದೋಗ್ಬುಡ್ತೀಯೋ ಅಂತ ಇಲ್ಲೇ ಕಣ್ಮುಚ್ಕಂಡು ಶಿವಾ ಶಿವಾ ಅಂತಿದ್ದೆ. ಆ ಕೂಗಿದ್ದು ಈ ವಾಚ್ನಾಗೇ ಸೇರ್ಕಂಡದೆ ಅಂತ ನನ್ಗೆ ಭಯ.”

ಮೂರು ವರ್ಷ ಒಂದೇ ಚಾಪೆಯಲ್ಲಿ ಮಲಗಿ, ಇಬ್ಬರೂ ಒಂದೇ ಗುಟ್ಟನ್ನು ಒಬ್ಬರಿಂದೊಬ್ಬರು ಮುಚ್ಚಿಟ್ಟುಕೊಂಡಿದ್ದರು.

ಗುಂಡಿ ಒತ್ತಿ ಎಣಿಸಿದಳು. ಹದಿನೆಂಟಕ್ಕೆ ವಾಚು ಗುರ್ ಎಂದು ನಡುಗಿತು. ಬೆಳಕು ಬಂತು. ಅದೇ ಅಮಾವಾಸ್ಯೆ, ಸಂಜೆ ಆರು. ಬೆರಳಿಂದ ಸರಿಸಿದಳು. ಎದೆಬಡಿತದ ಕೆಂಪು ಗೆರೆ ಹನ್ನೊಂದು ನಲವತ್ತರವರೆಗೆ ಏರಿ ಇಳಿದು ಅಲ್ಲಿಗೇ ನಿಂತಿತ್ತು. ಪಟ್ಟಿ ಸಡಿಲವಿತ್ತು, ಅದಕ್ಕೇ ಇರಬೇಕು ಎಂದುಕೊಂಡಳು. ಇನ್ನೊಮ್ಮೆ ಸರಿಸಿದಳು. ಹೆಜ್ಜೆಗಳು. ಹನ್ನೆರಡರಿಂದ ಒಂದರವರೆಗೆ: ಆರುನೂರ ಹನ್ನೆರಡು. ಆಮೇಲೆ ಒಂದೂ ಇಲ್ಲ. ಸೊನ್ನೆ, ಸೊನ್ನೆ, ಸೊನ್ನೆ.

ಬಂದದ್ದು ತಾತನೇ. ಅಷ್ಟು ಹೆಜ್ಜೆಯೂ ಬರುವುದಕ್ಕೇ ಸರಿಹೋಗಿತ್ತು. ಹಿಂದಕ್ಕೆ ಹೋದ ಹೆಜ್ಜೆ ಇರಲೇ ಇಲ್ಲ.

ಆದರೆ ಕೆಂಪಯ್ಯ ಅವನನ್ನು ಕಂಡಿದ್ದು ಮರದಡಿಯಲ್ಲಿ.

“ಏನದೆ ಅದ್ರಾಗೆ?” ಅಜ್ಜಿ ಕೇಳಿದಳು.

“ಬಂದವ್ರೆ ಅಜ್ಜಿ. ವಾಪಸ್ ಓಗಿಲ್ಲ.”

ಇಬ್ಬರೂ ಒಟ್ಟಿಗೆ ಹಿತ್ತಲ ಬಾಗಿಲ ಕಡೆ ತಿರುಗಿದರು. ಹೊರಗೆ ಬಿಸಿಲು ಬಿಳಿಚಿಕೊಂಡು ನಿಂತಿತ್ತು. ಕೋಳಿಗಳೂ ಸುಮ್ಮನಾಗಿದ್ದವು.

“ಕಾವ್ಯಮ್ಮೀ...”

ದನಿ ದಣಿದಿತ್ತು. ಬಾಗಿಲಿಗೇ ಬಾಯಿಟ್ಟು ಕರೆದಷ್ಟು ಹತ್ತಿರದಲ್ಲಿತ್ತು. ಕಾವ್ಯ ಅಜ್ಜಿಯ ಕೈ ಹುಡುಕಿದಳು. ಅಜ್ಜಿ ಆ ಕೈ ಹಿಡಿದು, ಗಟ್ಟಿಯಾಗಿ ಒತ್ತಿ, ಬಿಟ್ಟಳು.

“ಓ ಅನ್ನಮ್ಮಿ. ಮೂರಾಯ್ತು.”

“ಓ... ತಾತ. ಬಂದೆ.”

ಚೊಂಬಿಗೆ ನೀರು ತುಂಬಿಕೊಂಡು ಅಗುಳಿ ತೆಗೆದಳು. ಯಾರೂ ಇರಲಿಲ್ಲ. ಬಟ್ಟೆ ಒಗೆಯುವ ಕಲ್ಲಿಗೂ ನೆರಳಿರಲಿಲ್ಲ. ಆ ಕಲ್ಲಿನ ಮೇಲೆ ಚೊಂಬಿಟ್ಟು ನಿಂತಳು. “ತಪ್ಪಾಯ್ತು ತಾತ, ಕುಡೀರಿ” ಎಂದಳು.

“ಅಮ್ಮೀ, ಇತ್ತಗೆ ಬಾ.” ಒಳಗಿಂದ ಅಜ್ಜಿಯ ಕರೆ.

ವಾಚು ಮಣೆಯ ಮೇಲೆ, ತಂತಿ ಕಚ್ಚಿಕೊಂಡು, ಇಟ್ಟಂತೆಯೇ ಇತ್ತು. ಯಾರೂ ಮುಟ್ಟಿರಲಿಲ್ಲ. ಆದರೆ ಸಂಜೆ ಆರರ ಖಾಲಿ ಜಾಗದಲ್ಲಿ ಹೆಜ್ಜೆಗಳ ಸಂಖ್ಯೆ ಏರುತ್ತಿತ್ತು. ಒಂಬತ್ತು. ಹತ್ತು. ತುಸು ನಿಂತು, ಹನ್ನೊಂದು.

ಗುರುಮಲ್ಲಮ್ಮನ ಕೈ ಅಭ್ಯಾಸಬಲದಿಂದ ವಿಭೂತಿಗಟ್ಟಿಯ ಕಡೆ ಹೋಯಿತು. ಅರ್ಧದಲ್ಲೇ ನಿಲ್ಲಿಸಿ, ಬೆರಳನ್ನು ಸೆರಗಿಗೆ ಒರೆಸಿಕೊಂಡಳು.

“ಮರದ ತಂಕ ಇನ್ನೆಷ್ಟದೆ?”

“ಆರುನೂರ ಒಂದು.”

ಅಜ್ಜಿ ಕಾಲು ನೀಡಿ, ಗೋಡೆಗೆ ಒರಗಿ, ಸಂಖ್ಯೆಯನ್ನೇ ನೋಡುತ್ತ ಕೂತಳು.

“ನಿಧಾನಕ್ಕೆ ಓಯ್ತಾವ್ರೆ ಬುಡು,” ಎಂದಳು. “ಮಂಡಿನೋವಿತ್ತಲ್ಲ.”