ಬೀಗತಿಗೆ ಕಟ್ಟಿದ ಹಾಡು

ಲಗ್ನದಲ್ಲಿ ಗಂಡಿನ ತಾಯಿಯನ್ನು ಕೂರಿಸಿ, ಕೆಣಕಿ ಹಾಡುವುದು ಕಾವೇರಿಬಾಯಿಯ ಕೆಲಸ. ಹಾಡೂ ಅವಳದೇ. ಕಟ್ಟುವ ಮೊದಲು ಎಲ್ಲ ವಿಚಾರಿಸುತ್ತಿದ್ದಳು: ಬೀಗತಿ ಗೊರಕೆ ಹೊಡೆಯುತ್ತಾಳೋ, ಕದ್ದು ಏನು ತಿನ್ನುತ್ತಾಳೆ? ಹೆಣ್ಣಿನ ಮನೆಯವರನ್ನು ಮಾತ್ರ ಕೇಳುತ್ತಿರಲಿಲ್ಲ. ಹೊಸ ಬೀಗತಿಯ ಬಗ್ಗೆ ಅವರು ಬರೀ ಒಳ್ಳೆಯದನ್ನೇ ಹೇಳುತ್ತಾರೆ.

ಭಾತಂಬ್ರಾ, ಸಾಯಗಾಂವದಂಥ ಹಳ್ಳಿಗಳಲ್ಲಿ ಅವಳಿಗೆ ಹೆಸರಿತ್ತು. ಬೀದರದ ಮಂಗಲ ಕಾರ್ಯಾಲಯದಲ್ಲಿ ಹಾಡುವುದು ಇದೇ ಮೊದಲು. ಇಲ್ಲಿ ನಗಿಸಿದರೆ ಶಹರದವರೂ ಕರೆಯುತ್ತಾರೆ. ಬೀಗತಿ ಮುನಿದು ಎದ್ದರೆ ಮುಗಿಯಿತು.

ಗಂಡಿನವರು ಔರಾದದವರು. ಮೊದಲು ಅವರ ನೆರೆಯಲ್ಲಿದ್ದು, ಈಗ ಭಾಲ್ಕಿಯಲ್ಲಿರುವ ಹಣಮಂತಪ್ಪನಿಗೆ ಫೋನ್ ಮಾಡಿದಳು.

"ಹುಡುಗನ ತಾಯಿ ಹ್ಯಾಂಗರಿ ಅಣ್ಣಾ?"

"ಆಕಿನಾ? ಬೆಲ್ಲದ ಕಳ್ಳಿ ನೋಡವಾ!"

ಅಷ್ಟು ಸಾಕಾಯಿತು. ಲಗ್ನದ ದಿನ ಅವಳ ಜೊತೆಗಾರ ಉಸ್ಮಾನ ಮಿಯಾ ಢೋಲಕ ಬಾರಿಸಿದ. ಅವಳು ಎತ್ತಿದಳು:

ಬೀಗತಿ ಬಂದಾಳ ಔರಾದದಿಂದ
ಬೆಲ್ಲ ಬಚ್ಚಿಟ್ಟಾಳ ಸೆರಗಿನ ಹಿಂದ
ಹಲ್ಲಿ ಕಂಡರ ಮಂಚ ಏರ್ತಾಳ
ಗಂಡನ ಕರದು ಕೋಲ ಕೇಳ್ತಾಳ

ಔರಾದದ ಹೆಂಗಸರಲ್ಲಿ ಒಬ್ಬರೂ ನಗಲಿಲ್ಲ. ಬೀಗತಿಯ ಜಾಗದಲ್ಲಿ ಕೂತಿದ್ದ ಶಕುಂತಲಾಬಾಯಿ ಅವಳನ್ನೇ ನೋಡುತ್ತಿದ್ದಳು.

"ಬೆಲ್ಲದ ಮಾತು ಯಾರ ಹೇಳ್ಯಾರ?"

"ಹಣಮಂತಪ್ಪ ಅಣ್ಣಾರರಿ."

"ಅದು ನಮ್ಮಕ್ಕನ ಚಟ. ಹುಡುಗನ್ನ ಹಡದಾಕಿ ಆಕಿ. ತೀರಿ ಹೋಗ್ಯಾಳ. ನಾ ಚಿಕ್ಕವ್ವ, ಆಕಿ ಜಾಗಾದಾಗ ಕುಂತೇನಿ."

ಢೋಲಕ ನಿಂತಿತು. ಹೆಣ್ಣಿನ ತಾಯಿ ಗಾಬರಿಯಿಂದ ಎದ್ದೇಬಿಟ್ಟಳು. ಕಾವೇರಿಬಾಯಿ ಕೈ ಮುಗಿದಳು. "ಗೊತ್ತಿರಲಿಲ್ಲರಿ, ತಪ್ಪಾತರಿ."

"ನಿಂದರ. ಹಲ್ಲಿ ಮಾತೂ ಅವನೇ ಹೇಳಿದನೇನ?"

"ಇಲ್ಲರಿ ಅಕ್ಕಾರ. ಅದು ನಾನೇ ಸುಮ್ಮ ಕಟ್ಟಿದ್ದು."

"ಸುಳ್ಳ ಹೇಳಬ್ಯಾಡ! ನಮ್ಮಕ್ಕ ಹಲ್ಲಿ ಬಾಲ ಹಿಡದು ಹೊರಗ ಒಗಿಯಾಕಿ. ಮಂಚ ಏರಾಕಿ ನಾನು!"

"ಮಂಚ ಮುರದದ್ದು ಹೇಳ್ಲೇನ ಕಾಕೂ?" ಎಂದು ಹಿಂದಿನಿಂದ ಯಾರೋ ಕೂಗಿದರು. ಔರಾದದವರೆಲ್ಲ ಒಮ್ಮೆಲೇ ನಕ್ಕರು. ಶಕುಂತಲಾಬಾಯಿ ಕಣ್ಣೊರೆಸಿಕೊಂಡು ತಾನೂ ನಕ್ಕಳು.

"ಮತ್ತ ಹಾಡು. ಬೆಲ್ಲ ಅಕ್ಕಂದು, ಹಲ್ಲಿ ನಂದು. ಆಮ್ಯಾಲ ಹೆಣ್ಣಿನವರ ಬಣ್ಣ ನಾ ಬಯಲಿಗಿ ಹಾಕ್ತೇನಿ."

ಊಟದ ಹೊತ್ತಿಗೆ ಬೀದರದ ಹೆಂಗಸೊಬ್ಬಳು ಕಾವೇರಿಬಾಯಿಯ ಪಕ್ಕ ಬಂದು ಕೂತಳು. "ನಮ್ಮನ್ಯಾಗೂ ಲಗ್ನ ಅದರಿ. ನೀವೇ ಬರ್ಬೇಕು. ನಮ್ಮ ಬೀಗತಿ ಏನೇನ ಮಾಡ್ತಾಳ, ಹೇಳ್ಲೇನ್ರಿ?"

"ಅದು ಆಮ್ಯಾಲ ಕೇಳ್ತೇನ್ರಿ," ಎಂದಳು ಕಾವೇರಿಬಾಯಿ. "ಆಕಿ ಅದಾಳೋ ಇಲ್ಲೋ, ಅದನ್ನ ಮೊದಲ ಹೇಳ್ರಿ."